ನಾವು ತಾಜ್ ಮಹಲ್ ನೋಡಿ ಬಂದ ಚೆಂದ

ಆಗ್ರಾಕ್ಕೆ ಹೊರಡುವ ಮುಂಚೆ ತಾಜ್ ಮಹಲಿನ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಯಾರು ಕಟ್ಟಿಸಿದ್ದು, ಯಾರಿಗಾಗಿ ಕಟ್ಟಿಸಿದ್ದು, ಯಾವ ನದಿಯ ದಂಡೆ, ಯಾವ ಕಲ್ಲು, ಎಲ್ಲವನ್ನೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಸಾಲದ್ದಕ್ಕೆ ಹೈಸ್ಕೂಲಿನಲ್ಲಿದ್ದಾಗ ಹಿಂದಿ ಪ್ರಥಮಾ ಪರೀಕ್ಷೆ ಪಾಸು ಮಾಡಿದವಳು. ಕುದೂರಿನ ಆಚೆ ನಮ್ಮ ಊರಿನಲ್ಲಿ ಹಿಂದಿ ಬರುವ ಹೆಂಗಸು ನಾನೊಬ್ಬಳೇ. ನನಗೆ ಹಿಂದಿ ಬರುವುದಿಲ್ಲ ಎಂದು ಕಂಡುಹಿಡಿಯುವಷ್ಟು ಹಿಂದಿ ಬರುವವರು ಊರಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಈ ಕೀರ್ತಿ ಇಷ್ಟು ವರ್ಷ ಮಾಸದೆ ಉಳಿದಿತ್ತು.

ತಾಜ್ ಮಹಲಿನ ಆಸೆ ಹುಟ್ಟಿದ್ದು ಕುದೂರು ಬಸ್ ನಿಲ್ದಾಣದ ಹಿಂದೆ ಇದ್ದ ಒಂದು ಫೋಟೋ ಸ್ಟುಡಿಯೋದಲ್ಲಿ. ಅಲ್ಲಿ ಗೋಡೆಗೆ ತಾಜ್ ಮಹಲ್ ಬರೆದ ಪರದೆ ಇಳಿಬಿಟ್ಟಿದ್ದರು. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಗುಮ್ಮಟದ ನಡುವೆ ಒಂದು ಮಡಿಕೆ ಬಿದ್ದಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದರು. ಮದುವೆಯಾದ ಹೊಸತರಲ್ಲಿ ಇವರೊಂದಿಗೂ ಅದೇ ಪರದೆಯ ಮುಂದೆ ನಿಂತೆ. ಇವರು ಎಂದರೆ ನಮ್ಮ ಯಜಮಾನರು, ರುದ್ರೇಶಯ್ಯ. ಫೋಟೋದವನು "ಒಸಿ ಈ ಕಡಿಕ್ ಸರ್ಕಳಿ ಸ್ವಾಮಿ" ಎಂದು ಬೇಡಿಕೊಂಡರೂ ಜರುಗದೆ, ಒಂದು ಮಿನಾರನ್ನು ಪೂರ್ತಿ ಮುಚ್ಚಿಕೊಂಡು ಕಂಬದಂತೆ ನಿಂತರು. ನಿಜವಾದ ತಾಜ್ ಮಹಲಿನ ಮುಂದೆ ಇದೇ ಮನುಷ್ಯನ ಪಕ್ಕದಲ್ಲಿ ನಿಂತು ಒಂದು ದಿನ ಕಣ್ತುಂಬ ನೋಡಬೇಕು ಎಂದು ಆವತ್ತೇ ಮನಸ್ಸಿಗೆ ಬಂತು. ಬಂದದ್ದು ಹೋಗಲೇ ಇಲ್ಲ.

ಆದರೆ ನಾವು ರೇಷ್ಮೆ ಹುಳು ಸಾಕುವವರು. ಹುಳುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ, ನೆಂಟರ ಮದುವೆಯೂ ಇಲ್ಲ. ಮರಿಹುಳು ಮನೆಗೆ ಬಂದರೆ ಗೂಡು ಕಟ್ಟುವವರೆಗೂ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಬುಟ್ಟಿ ಖಾಲಿಯಾಯಿತೋ, ಮತ್ತೆ ಮರಿಹುಳು. ನಾನು ಆಗ್ರಾದ ಮಾತೆತ್ತಿದಾಗಲೆಲ್ಲ ಇವರದು ಒಂದೇ ಉತ್ತರ.

"ಹುಳ ಬುಟ್ಟು ಎಲ್ಲಿಗ್ ಹೋಗದೆ? ಕಲ್ಲು ನೋಡ್ಬೇಕು ಅಂದ್ರೆ ಸಾವನದುರ್ಗ ಇಲ್ವಾ? ಅಷ್ಟು ದೊಡ್ಡ ಕಲ್ಲು ಇನ್ನೆಲ್ಲೈತೆ?"

"ಸಾವನದುರ್ಗನ ಯಾರೂ ಹೆಂಡ್ತಿಗೋಸ್ಕರ ಕಟ್ಟಿಸ್ಲಿಲ್ಲ ಕಣ್ರೀ."

"ಇದುನ್ನ ಕಟ್ಟಿಸಿದ್ನಲ್ಲ, ಅವನ್ ಹೆಂಡ್ತಿ ನೋಡಿದ್ಲಾ?"

ಸೊಪ್ಪಿನ ಹೊರೆ ಬಿಚ್ಚಿ ಹುಳುವಿಗೆ ಹಾಕಲು ಹೋಗುತ್ತಿದ್ದೆ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಹಿಪ್ಪುನೇರಳೆ ತೋಟ ಸವರಿ, ಹುಳುಮನೆಗೆ ಸುಣ್ಣ ಬಳಿದು ಒಂದು ಬೆಳೆ ಬಿಡುವು ಕೊಟ್ಟೆವು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಗಳು ರೂಪಾ ಅದೇ ಸಮಯ ನೋಡಿ, "ಈಗ ಹೋಗ್ದಿದ್ರೆ ಇನ್ಯಾವತ್ತೂ ಹೋಗಲ್ಲ ನೀವು" ಎಂದು ರೈಲಿನ ಟಿಕೆಟ್ ತೆಗೆಸಲು ಕೂತಳು. "ಅಮ್ಮ, ಯಾವತ್ತು ಹೋದ್ರೆ ಒಳ್ಳೇದು ಅಂತ ಒಸಿ ವಿಚಾರಿಸ್ಲಾ?" ಎಂದಳು.

"ವಿಚಾರಿಸೋದೇನೈತೆ? ಶುಕ್ರವಾರ. ಲಕ್ಷ್ಮಿ ವಾರ. ಶುಕ್ರವಾರ ಬೆಳಗ್ಗೆ ಹೋಗಿ ಇಳಿಯೋ ಹಂಗೆ ಮಾಡು, ಶನಿವಾರ ಮಧ್ಯಾಹ್ನ ಹೊರಡೋ ಹಂಗೆ ಮಾಡು," ಎಂದು ಅಪ್ಪಣೆ ಕೊಟ್ಟೆ.

ಹೀಗೆ ನನ್ನ ಪ್ರಥಮ ಪ್ರಮಾದವು ಪಂಚಾಂಗದ ಬೆಂಬಲದೊಂದಿಗೆ ನೆರವೇರಿತು.

ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿ ಸರೋಜ ಹಸು ನೋಡಿಕೊಳ್ಳಲು ಒಪ್ಪಿದಳು. ಅವಳು ಒಮ್ಮೆ ಕಾಶಿಗೆ ಹೋಗಿ ಬಂದವಳು. ಹೊರಡುವಾಗ ಎರಡು ಬುದ್ಧಿ ಹೇಳಿದಳು. "ಅಕ್ಕ, ಆ ಕಡೆ ಆಟೋದೋರು ಇವತ್ತು ಬಾಗ್ಲಾಕವ್ರೆ ಅಂತ ಸುಳ್ಳೇಳಿ ಸೀರೆ ಅಂಗ್ಡಿಗೆ ಕರ್ಕೊಂಡೋಯ್ತಾರೆ, ನಂಬ್ಬೇಡಿ. ಇನ್ನೊಂದು, ಬ್ಯಾಗ್ನ ಮಾತ್ರ ಯಾರ್ ಕೈಗೂ ಕೊಡ್ಬೇಡಿ." ಎರಡನ್ನೂ ಸೆರಗಿಗೆ ಗಂಟು ಹಾಕಿಕೊಂಡಷ್ಟು ಭದ್ರವಾಗಿ ನೆನಪಿಟ್ಟುಕೊಂಡೆ. ಎಡವಟ್ಟಾದದ್ದೇ ಅದರಿಂದ!

ಆಗ್ರಾದಲ್ಲಿ ಇಳಿದಾಗ ಬೆಳಗಾಗಿತ್ತು ಎಂದು ಗಡಿಯಾರ ಹೇಳುತ್ತಿತ್ತು, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಅಂಥ ಮಂಜು. ನಮ್ಮ ಕಡೆ ಬೀಳುವುದು ಮಂಜಲ್ಲ, ಅದು ಮಂಜಿನ ಮರಿ. ಇಲ್ಲಿ ಮುಂದೆ ನಡೆಯುತ್ತಿದ್ದವನ ಬೆನ್ನು ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಇವರು ಮಫ್ಲರ್ ಬಿಗಿದುಕೊಂಡು, "ಇದ್ರಲ್ಲಿ ಏನ್ ಕಾಣ್ತದೆ ಕಣೆ?" ಎಂದರು. "ಬಿಸಿಲು ಬಂದ್ರೆ ಹೋಯ್ತದೆ ಬನ್ನಿ," ಎಂದು ಆಟೋ ಹತ್ತಿಸಿದೆ.

"ಭಾಯಿ ಸಾಬ್, ತಾಜ್ ಮಹಲ್," ಎಂದೆ, ಪ್ರಥಮಾದ ಗತ್ತಿನಲ್ಲಿ.

"ಮಾತಾಜಿ, ಆಜ್ ತೋ ಬಂದ್ ಹೈ," ಎಂದ ಅವನು.

ನಾನು ಇವರ ಕಡೆ ತಿರುಗಿ ಕಣ್ಣು ಮಿಟುಕಿಸಿದೆ. ಸರೋಜ ಹೇಳಿದ್ದು ಎಷ್ಟು ಸರಿ! "ಹಮ್ ಕೋ ಸಬ್ ಮಾಲೂಮ್ ಹೈ. ಸಾಡಿ ನಹೀ ಚಾಹಿಯೇ. ಚಲೋ!" ಎಂದು ಗದರಿಸಿದೆ. ಪಾಪ, ಆ ಮನುಷ್ಯ ದಾರಿಯುದ್ದಕ್ಕೂ "ಶುಕ್ರವಾರ್, ಶುಕ್ರವಾರ್" ಎನ್ನುತ್ತಲೇ ಇದ್ದ. "ನಮ್ಗೂ ಗೊತ್ತು ಕಣಪ್ಪ, ಶುಕ್ರವಾರ ಅಂತಾನೇ ಬಂದಿರೋದು," ಎಂದು ಕನ್ನಡದಲ್ಲೇ ಹೇಳಿ ಮುಗಿಸಿದೆ.

ಗೇಟಿನ ಹತ್ತಿರ ಇಳಿದರೆ ಒಂದು ನರಪಿಳ್ಳೆ ಇಲ್ಲ. ಇವರು, "ನೋಡಿದ್ಯಾ, ನಾವೇ ಮೊದ್ಲು," ಎಂದರು. ಪೊಲೀಸಿನವನೊಬ್ಬ ಮಂಜಿನಿಂದ ಮೂಡಿ ಬಂದು ಗೋಡೆಯ ಮೇಲಿನ ಫಲಕ ತೋರಿಸಿದ. ಶುಕ್ರವಾರ ಮಸೀದಿಯಲ್ಲಿ ನಮಾಜು ಇರುವುದರಿಂದ ಪ್ರವಾಸಿಗರಿಗೆ ಬಾಗಿಲಿಲ್ಲ. ಪ್ರತಿ ಶುಕ್ರವಾರವೂ. ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಕಲ್ಲಿನ ಹೆಸರು ಗೊತ್ತಿದ್ದ ನನಗೆ ರಜೆಯ ವಾರ ಗೊತ್ತಿರಲಿಲ್ಲ!

ಇವರು ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. "ನಾಳೀಕ್ ಐತಲ್ಲ, ಬಾ ಕಾಫಿ ಕುಡಿಯನ," ಎಂದರು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು. ಕಾಫಿಯೂ ಸಿಗಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಟೀ ಕುಡಿದು ಒಂದು ಲಾಡ್ಜಿಗೆ ಹೋದೆವು.

ಲಾಡ್ಜಿನ ಯಜಮಾನ ನನ್ನ ಪೆಚ್ಚು ಮುಖ ನೋಡಿ, ಮಾಳಿಗೆ ಮೇಲಿಂದ ತಾಜ್ ಕಾಣುತ್ತದೆ ಎಂದ. ನಾನು ದಡಬಡ ಮೇಲೆ ಓಡಿದೆ. ಮಂಜು ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಹೋದೆ, ಇಲ್ಲ. ಸಂಜೆ ಇವರನ್ನೂ ಕರೆದುಕೊಂಡು ಹೋದೆ. ಆಗ ಮಂಜು ಒಂದು ಕಡೆ ಸ್ವಲ್ಪ ತೆಳ್ಳಗಾಯಿತು. ಅದರೊಳಗಿಂದ ಬೆಳ್ಳಗೆ, ದುಂಡಗೆ, ಮೆಲ್ಲಗೆ ಒಂದು ಗುಮ್ಮಟ ಮೂಡಿತು!

ನನ್ನ ಕೈ ತಾನಾಗಿ ಮುಗಿಯಿತು. ಕಣ್ಣಲ್ಲಿ ನೀರು ಬಂತು. ಅಪ್ಪ ನೆನಪಾದರು. "ರೀ, ನೋಡಿ, ನೋಡಿ," ಎಂದೆ. ಇವರು ಮಫ್ಲರ್ ತೆಗೆದು, "ಓಹೋ," ಎಂದರು. "ನಾನ್ ಇನ್ನೂ ದೊಡ್ದಾಗೈತೆ ಅಂದ್ಕಂಡಿದ್ದೆ."

"ದೂರದಿಂದ ಹಂಗೇ ಕಾಣೋದು!" ಎಂದು ಫೋಟೋ ತೆಗೆದೆ. ತಡಮಾಡದೆ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಕಳಿಸಿದೆ. "ಜನ್ಮ ಸಾರ್ಥಕ" ಎಂದು ಕೆಳಗೆ ಬರೆದೆ. ಮಾಗಡಿಯಿಂದ, ಚನ್ನಪಟ್ಟಣದಿಂದ, ಕನಕಪುರದಿಂದ ನೆಂಟರೆಲ್ಲ ಸಾಲು ಸಾಲಾಗಿ ಕೈ ಮುಗಿದರು. ಸರೋಜ ಹೂವಿನ ಗುಚ್ಛ ಕಳಿಸಿದಳು.

ಫೋನು ಒಳಗಿಟ್ಟು ನಾನೂ ಮತ್ತೆ ಕೈ ಮುಗಿದೆ. ಆಗ ತಾಜ್ ಮಹಲಿನ ಪಕ್ಕದಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ. ಏಣಿ ಇಟ್ಟ. ಗುಮ್ಮಟ ಹತ್ತಿದ. ಅದರ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದ.

ನೀರು ತುಂಬಿದೆಯೋ ಇಲ್ಲವೋ ಎಂದು ನೋಡುತ್ತಿದ್ದ!

ಪಕ್ಕದ ಕಟ್ಟಡದ ಬಿಳಿ ನೀರಿನ ಟ್ಯಾಂಕು. ಅವನು ಏಣಿ ಇಳಿಯುವವರೆಗೂ ಇವರು ನೋಡಿದರು. ಆಮೇಲೆ, "ತುಂಬೈತಂತೆ ಕಣೆ," ಎಂದರು. ಇಬ್ಬರೂ ಮೆಟ್ಟಿಲ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗೆ ಇಬ್ಬರೇ ಕೂತು ನಕ್ಕು ಎಷ್ಟು ಕಾಲವಾಗಿತ್ತೋ! ಆದರೆ ನಗು ನಿಂತ ಮೇಲೆ ಮತ್ತೆ ಆ ಕಡೆಯೇ ನೋಡಿದೆ. ಆ ಬಿಳುಪಿನಲ್ಲಿ ಎಲ್ಲೋ, ಇಷ್ಟು ಹತ್ತಿರದಲ್ಲಿ, ಅದು ಇತ್ತಲ್ಲ.

ಶನಿವಾರ ಬೆಳಗಾಗುತ್ತಲೇ ಲಾಡ್ಜು ಖಾಲಿ ಮಾಡಿ, ಸಾಮಾನು ಹೊತ್ತುಕೊಂಡು ಸಾಲಿನಲ್ಲಿ ನಿಂತೆವು. ಮಂಜು ನಮಗಿಂತ ಮೊದಲೇ ಬಂದು ನಿಂತಿತ್ತು. ಟಿಕೆಟ್ ತೆಗೆದು ತಪಾಸಣೆಗೆ ಹೋದರೆ ಪೊಲೀಸ್ ಹೆಂಗಸು ನಮ್ಮ ಬ್ಯಾಗು ಬಿಚ್ಚಿದಳು. ಕೋಡುಬಳೆ ಡಬ್ಬ ಬಂತು. ಹುರಿಹಿಟ್ಟಿನ ಪೊಟ್ಟಣ ಬಂತು. ಮಾವಿನಕಾಯಿ ಉಪ್ಪಿನಕಾಯಿ ಬಂತು. ಕೊನೆಗೆ ಇವರ ಅಡಕತ್ತರಿ ಬಂತು. ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಯಾವ ದೇಶದ ಆಯುಧವೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು.

"ಸುಪಾರಿ! ಸುಪಾರಿ!" ಎಂದು ವಿವರಿಸಿದೆ. ಇವರು ಗಾಬರಿಯಾಗಿ, "ಹಂಗನ್ಬೇಡ ಕಣೆ, ಸುಪಾರಿ ಅಂದ್ರೆ ಕೊಲೆ ಗಿಲೆ ಅಂದ್ಕಂಡಾರು!" ಎಂದರು.

ಬ್ಯಾಗು ಒಳಗೆ ಬಿಡುವುದಿಲ್ಲ, ಲಾಕರಿನಲ್ಲಿ ಇಟ್ಟು ಬನ್ನಿ ಎಂದಳು ಆಕೆ. ಲಾಕರಿತ್ತು. ಎಲ್ಲರೂ ಇಡುತ್ತಿದ್ದರು. ಇವರೂ, "ಇಟ್ಬುಟ್ಟು ಹೋಗನ ನಡಿ," ಎಂದರು. ಆದರೆ ನನ್ನ ತಲೆಯಲ್ಲಿ ಸರೋಜ ಕೂತಿದ್ದಳಲ್ಲ! "ಬೇಡವೇ ಬೇಡ. ಒಬ್ರಾದ ಮೇಲೆ ಒಬ್ರು ನೋಡನ," ಎಂದು ತೀರ್ಪು ಕೊಟ್ಟೆ.

"ಹಂಗಾದ್ರೆ ನೀನೇ ಮೊದ್ಲು ಹೋಗು. ಆಸೆಪಟ್ಟೋಳು ನೀನು," ಎಂದು ಇವರು ಬ್ಯಾಗಿನ ಜೊತೆ ಹೊರಗೆ ಒಂದು ಕಟ್ಟೆಯ ಮೇಲೆ ಕೂತರು.

ಹೋದೆ. ಕೆಂಪು ಕಲ್ಲಿನ ದೊಡ್ಡ ಬಾಗಿಲು ದಾಟಿದರೆ ತಾಜ್ ಮಹಲ್ ಎದುರಿಗೇ ಕಾಣುತ್ತದೆ ಎಂದು ಓದಿದ್ದೆ. ದಾಟಿದೆ. ಎದುರಿಗೆ ಹಾಲು ಚೆಲ್ಲಿದಂತೆ ಬರೀ ಮಂಜು! ಒಬ್ಬ ಗೈಡ್ ತನ್ನ ಗುಂಪಿಗೆ ಆ ಹಾಲಿನ ಕಡೆ ಕೈ ತೋರಿಸಿ ಉತ್ಸಾಹದಿಂದ ವಿವರಿಸುತ್ತಿದ್ದ. ಅವರೂ ತಲೆಯಾಡಿಸುತ್ತಿದ್ದರು. ನಾನೂ ಒಂದಷ್ಟು ಹೊತ್ತು ತಲೆಯಾಡಿಸಿದೆ.

ನೀರಿನ ಕಾಲುವೆಯ ಪಕ್ಕ ಹಿಡಿದು ಮುಂದಕ್ಕೆ ನಡೆದೆ. ಮೆಟ್ಟಿಲು ಸಿಕ್ಕಿತು, ಹತ್ತಿದೆ. ಕೈ ಚಾಚಿದೆ. ಗೋಡೆ ಸಿಕ್ಕಿತು.

ತಣ್ಣಗಿತ್ತು. ಮಂಜಿನ ನೀರು ಹನಿಯಾಗಿ ಇಳಿಯುತ್ತಿತ್ತು. ಅಂಗೈ ಅಗಲದ ಒಂದು ಹೂವು, ಕಲ್ಲಿನೊಳಗೆ ಕಲ್ಲು ಕೂರಿಸಿ ಮಾಡಿದ್ದು, ನನ್ನ ಬೆರಳಿನ ಕೆಳಗೆ ಸಿಕ್ಕಿತು. ತಲೆಯೆತ್ತಿ ನೋಡಿದೆ. ಗೋಡೆ ಸ್ವಲ್ಪ ಮೇಲಕ್ಕೆ ಹೋಗಿ ಬಿಳುಪಿನಲ್ಲಿ ಕರಗಿ ಹೋಗಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆನ್ನೆ ಇಟ್ಟೆ. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟೋ ಸಲ ಇಲ್ಲಿಗೆ ಬಂದಿದ್ದೆ. ಆಗೆಲ್ಲ ಬಿಸಿಲಿರುತ್ತಿತ್ತು. ಪಕ್ಕದಲ್ಲಿ ಇವರಿರುತ್ತಿದ್ದರು. "ನೋಡ್ರೀ" ಎನ್ನಲು ಈಗ ಪಕ್ಕದಲ್ಲಿ ಯಾರೂ ಇರಲಿಲ್ಲ, ನೋಡಲು ಎದುರಿಗೆ ಏನೂ ಇರಲಿಲ್ಲ.

ಅಲ್ಲೇ ಕೂತು ಕಾಯಬಹುದಿತ್ತು. ಆದರೆ ಚಳಿಯಲ್ಲಿ ಇವರು ಹೊರಗೆ ಕೂತಿದ್ದಾರೆ, ಅವರಿಗೂ ನೋಡಲು ಹೊತ್ತು ಉಳಿಯಬೇಕು, ಮಧ್ಯಾಹ್ನ ರೈಲು. ಗೋರಿಗೆ ಒಂದು ಸುತ್ತು ಬಂದು, ಫೋನಿನಲ್ಲಿ ಮಂಜಿನ ಫೋಟೋಗಳನ್ನು ಹಲವಾರು ಕೋನಗಳಿಂದ ತೆಗೆದುಕೊಂಡು, ಅವಸರವಾಗಿ ಹೊರಗೆ ಬಂದೆ.

"ಹೆಂಗಿತ್ತೆ?" ಎಂದರು.

"ತಣ್ಣಗಿತ್ತು," ಎಂದೆ. "ಹೋಗ್ಬನ್ನಿ."

"ನಂಗ್ಯಾಕೆ? ನೀನ್ ನೋಡಿದ್ದಾಯ್ತಲ್ಲ."

"ಟಿಕೆಟ್ ತೆಗ್ದಾಯ್ತಲ್ಲ, ಹೋಗಿ!" ಎಂದು ದಬ್ಬಿ ಕಳಿಸಿದೆ.

ಇವರು ಒಳಗೆ ಹೋದರು. ನಾನು ಕಟ್ಟೆಯ ಮೇಲೆ ಬ್ಯಾಗು ತಬ್ಬಿಕೊಂಡು ಕೂತು ಕೋಡುಬಳೆ ತಿನ್ನತೊಡಗಿದೆ. ಎರಡನೆಯ ಕೋಡುಬಳೆ ಮುರಿಯುವಾಗ ನನ್ನ ಕೈಯ ಮೇಲೆ ಏನೋ ಹಳದಿ ಬಿತ್ತು. ನೋಡಿದರೆ ಬಿಸಿಲು!

ತಲೆ ಎತ್ತಿದೆ. ಅಂಗಡಿ ಸಾಲು ಕಂಡಿತು. ಬೀದಿಯ ಕೊನೆ ಕಂಡಿತು. ಮರದ ಮೇಲಿನ ಕೋತಿ ಕೂಡ ಕಂಡಿತು. ಆಗ್ರಾದಲ್ಲಿರುವುದೆಲ್ಲ ಒಂದೊಂದಾಗಿ ಕಾಣತೊಡಗಿತು, ಒಂದನ್ನು ಬಿಟ್ಟು. ಅದು ಗೋಡೆಯ ಆಚೆ ಇತ್ತು. ಒಳಗಿನಿಂದ ಜನ ಒಟ್ಟಿಗೆ ಹೋ ಎಂದ ಸದ್ದು ಕೇಳಿಸಿತು. ಮುರಿದ ಕೋಡುಬಳೆಯನ್ನು ಡಬ್ಬಕ್ಕೇ ಹಾಕಿ ಎದ್ದು ನಿಂತೆ.

ಸ್ವಲ್ಪ ಹೊತ್ತಿಗೆಲ್ಲ ಗೇಟಿನಿಂದ ಒಬ್ಬ ಮನುಷ್ಯ ಓಡಿ ಬರುವುದು ಕಂಡಿತು. ಒಂದು ಕಾಲಿಗೆ ಮಾತ್ರ ಚಪ್ಪಲಿಯ ಮೇಲೆ ಹಾಕುವ ಬಿಳಿ ಬಟ್ಟೆಯ ಚೀಲ, ಮಫ್ಲರ್ ಭುಜದಿಂದ ನೇತಾಡುತ್ತಿತ್ತು. ಹಸು ಕಟ್ಟು ಹರಿದುಕೊಂಡು ಹೋದಾಗಲೂ ಇವರು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.

"ಬಾರೆ! ಬಾರೆ! ಕಾಣ್ತೈತೆ! ಪೂರ್ತಿ ಕಾಣ್ತೈತೆ!" ಎಂದು ಕೈ ಹಿಡಿದು ಎಳೆದರು.

"ಬ್ಯಾಗು ರೀ..."

"ಬ್ಯಾಗ್ ಹಾಳಾಗೋಗ್ಲಿ ಬಾ!"

ಬ್ಯಾಗು ಹಾಳಾಗಿ ಹೋಗಲು ಸಿದ್ಧವಿತ್ತು. ನಾನೂ ಸಿದ್ಧವಿದ್ದೆ. ಆದರೆ ಒಮ್ಮೆ ಹೊರಬಂದ ಟಿಕೆಟ್ಟಿಗೆ ಮತ್ತೆ ಪ್ರವೇಶವಿಲ್ಲ ಎಂದರು ಗೇಟಿನವರು. ನನ್ನ ಬಳಿಯಿದ್ದ ಹಿಂದಿಯನ್ನೆಲ್ಲ ತೆಗೆದು ಅವರ ಮುಂದೆ ಸುರಿದೆ. "ಹಮಾರಾ ಪತಿ ದೇಖಾ, ಹಮ್ ನಹೀ ದೇಖಾ" ಎಂದು ಕೈ ಮುಗಿದೆ. ಅವರು ಬಹಳ ಮರ್ಯಾದೆಯಿಂದ ಟಿಕೆಟ್ ಕೌಂಟರಿನ ಕಡೆ ಬೆರಳು ತೋರಿಸಿದರು. ಅಲ್ಲಿ ನೋಡಿದರೆ ಬಿಸಿಲಿಗಾಗಿ ಕಾದು ಕೂತಿದ್ದ ಭಾರತ ದೇಶವೆಲ್ಲ ಎದ್ದು ಬಂದು ಸಾಲು ನಿಂತಿತ್ತು. ಸಾಲಿನ ಬಾಲವೇ ಕಾಣಲಿಲ್ಲ. ಆದರೂ ನಿಂತೆವು. ಸಾಲು ಇರುವೆಯಂತೆ ಹರಿಯಿತು, ಗಡಿಯಾರ ಕುದುರೆಯಂತೆ ಓಡಿತು. ಕೊನೆಗೆ ನಾನೇ, "ರೈಲು ಹೋಯ್ತದೆ ರೀ, ನಡೀರಿ," ಎಂದೆ.

ಆಟೋ ಹತ್ತಿದೆವು. ಪ್ರತಿ ತಿರುವಿನಲ್ಲೂ ಹಿಂದಕ್ಕೆ ತಿರುಗಿ ನೋಡಿದೆ. ಎಲ್ಲ ಮಾಳಿಗೆಗಳ ಮೇಲೂ ಬಿಳಿ ಟ್ಯಾಂಕುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

ರೈಲು ಹೊರಟ ಮೇಲೆ ಕೇಳಿದೆ. "ಒಳ್ಗಡೆ ಹೋಗಿ ಮುಟ್ಟಿ ನೋಡಿದ್ರಾ?"

"ಎಲ್ಲಿ ಮುಟ್ಟದು? ದೊಡ್ಡ ಬಾಗ್ಲು ದಾಟಿ ಒಸಿ ದೂರ ಹೋಗಿದ್ದೆ. ಮಂಜು ಪರದೆ ಸರಿಸ್ದಂಗೆ ಹೋಯ್ತು. ಕಾಣ್ತು. ತಿರುಕ್ಕೊಂಡು ಓಡ್ಬಂದೆ."

"ಅಯ್ಯೋ! ನೀವಾದ್ರೂ ನಿಂತು ಸರಿಯಾಗಿ ನೋಡ್ಬಾರ್ದಾಗಿತ್ತೇನ್ರೀ? ಈಗ ನಂಗೆ ಹೇಳೋರ್ಯಾರು?" ಎಂದು ರೇಗಿದೆ. ರೇಗಿದ್ದು ಯಾಕೆ ಅಳುವಾಯಿತೋ ಗೊತ್ತಾಗಲಿಲ್ಲ. ಎದುರು ಸೀಟಿನ ಹೆಂಗಸು ನಾವು ಯಾವುದೋ ಸಾವಿನ ಮನೆಗೆ ಹೋಗುತ್ತಿದ್ದೇವೆ ಎಂದುಕೊಂಡು ನನಗೆ ಕಿತ್ತಳೆ ಹಣ್ಣು ಕೊಟ್ಟಳು.

ಊರಿಗೆ ಬಂದು ಈಗ ಎರಡು ಬೆಳೆಯಾಯಿತು. ನೆಂಟರು ಟ್ಯಾಂಕಿನ ಫೋಟೋ ನೋಡಿ ಈಗಲೂ ಹೊಗಳುತ್ತಾರೆ. ನಾನು ನಿಜ ಹೇಳಲು ಹೋಗಿಲ್ಲ. ಉಳಿದ ಫೋಟೋ ನೋಡಿದ ರೂಪಾ ಮಾತ್ರ, "ಅಮ್ಮ, ಇಷ್ಟೊಂದು ಸಲ ಬಿಳೀ ಗೋಡೆ ಯಾಕ್ ತೆಗ್ದಿದ್ದೀಯಾ?" ಎಂದಳು. ಆಗ್ರಾಕ್ಕೆ ಹೋಗುವವರಿಗೆ ಸಲಹೆ ಕೊಡುವುದನ್ನು ನಾನು ಬಿಟ್ಟಿಲ್ಲ. ಯಾವ ವಾರ, ಯಾವ ತಿಂಗಳು, ಲಾಕರು ಎಲ್ಲಿದೆ, ಎಲ್ಲ ಹೇಳುತ್ತೇನೆ. ಅನುಭವಸ್ಥಳು ನೋಡಿ!

ವಿಚಿತ್ರವೆಂದರೆ ಈಗ ಆಗ್ರಾದ ಮಾತೆತ್ತುವುದು ಇವರೇ. ಕುದೂರಿನ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. "ಸಾವನದುರ್ಗದ್ ಬಂಡೆ ಬೇರೆ ಕಣ್ಲಾ, ಅದು ಬೇರೆ" ಎನ್ನುತ್ತಾರೆ. "ಮುಂದ್ಲ ಸಲ ಚಳಿಗಾಲ ಬೇಡ, ಬಿಸ್ಲಾಗೇ ಹೋಗನ ಕಣೆ," ಎಂದು ನನಗೂ ಹೇಳುತ್ತಾರೆ. ಅಷ್ಟರಲ್ಲಿ ಮರಿಹುಳು ಬಂದಿರುತ್ತದೆ.

ಸಂಜೆ ಇಬ್ಬರೂ ಹುಳುಮನೆಯಲ್ಲಿ ಸೊಪ್ಪು ಹಾಕುತ್ತೇವೆ. ಹುಳು ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಆಗ ನನಗೆ ತಡೆಯಲಾಗುವುದಿಲ್ಲ.

"ರೀ, ಒಂದ್ಸಲ ಹೇಳ್ರೀ. ಹೆಂಗಿತ್ತು?"

ಇವರು ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದುಕೊಂಡು ಗೋಡೆಯ ಕಡೆ ನೋಡುತ್ತಾರೆ. "ಬೆಳ್ಳಗಿತ್ತು. ಈಗ್ ತಾನೆ ಬಿಡಿಸಿದ ಗೂಡಿರ್ತದಲ್ಲ, ಹಂಗೆ."

"ಆಮೇಲೆ?"

"ಭೂಮಿ ಮೇಲೆ ಕೂತಂಗೇ ಇರ್ಲಿಲ್ಲ ಕಣೆ. ತೇಲ್ತಾ ಇತ್ತು."

"ಆಮೇಲೆ?"

"ಆಮೇಲ್ ಎಲ್ಲಿ ನೋಡ್ದೆ? ನಿನ್ನ ಕರ್ಯಕ್ಕೆ ಓಡ್ಬಂದ್ಬುಟ್ನಲ್ಲ!"

ಇಂಥ ಗಂಡನನ್ನು ಕಟ್ಟಿಕೊಂಡು ನಾನು ಜಗತ್ತಿನ ಅದ್ಭುತ ನೋಡುವುದುಂಟೆ!